ನನ್ನ ಮಗ್ಗ, ಅವಳ ಫೋಟೋ

1987ರಲ್ಲಿ ನಾನು ಸಾಲಿ ಬಿಟ್ಟೆ. ಏಳನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಿತ್ತು. ಅಷ್ಟರಲ್ಲಿ ಅಪ್ಪನ ಮೊಣಕಾಲು ಬಾತು ಅವನಿಗೆ ಕೂಡಲಾಗದಂತಾಯಿತು, ನಾನು ಮಗ್ಗದ ಕುಣಿಗೆ ಇಳಿದೆ. ಇಳಿದವನು ಇವತ್ತಿಗೂ ಅಲ್ಲೇ ಇದ್ದೇನೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಇದು ಹೇಳಿಕೊಳ್ಳುವ ಸಂಗತಿಯೇನಲ್ಲ, ನನ್ನ ವಾರಿಗೆಯ ಅರ್ಧ ಮಂದಿ ಹೀಗೇ ಇಳಿದವರು. ಆದರೆ ಎಲ್ಲರೂ ನನ್ನ ಹಾಗೆ ನೇಯಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾದೀತು, ಜಂಬಕ್ಕೇ ಹೇಳುತ್ತಿದ್ದೇನೆ. ಪವರ್‌ಲೂಮ್ ಬಂದ ಮೇಲೆ ಓಣಿಯ ಎಷ್ಟೋ ಮನೆಗಳವರು ಕುಣಿಗೆ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕಿಸಿ, ಅಲ್ಲಿ ಸೋಫಾ ಇಟ್ಟರು. ನಮ್ಮ ಕುಣಿ ಉಳಿಯಿತು. ನನ್ನ ಕೈಯ ಸೀರೆಯ ಅಂಚಿನ ದಡಿಯನ್ನು ಬೆರಳಿಂದ ಮುಟ್ಟಿ, ಇದು ಇಂಥವನ ಮಗ್ಗದ್ದು ಎಂದು ಹೇಳುವ ವ್ಯಾಪಾರಿಗಳು ಈಗಲೂ ಇದ್ದಾರೆ.

ಕುಣಿಮಗ್ಗ ನೋಡದವರಿಗೆ ಒಂದು ಮಾತು. ನೆಲದಲ್ಲಿ ತೋಡಿದ ಒಂದು ಹೊಂಡ ಅದು. ಅದರ ಅಂಚಿಗೆ ಕೂತು, ಕಾಲು ಕೆಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು, ಕೈಯಿಂದ ಲಾಳಿ ಓಡಿಸಬೇಕು. ಬಾಗಿಲಲ್ಲಿ ನಿಂತವರಿಗೆ ಸೊಂಟದಿಂದ ಮೇಲಿನ ಮನುಷ್ಯ ಅಷ್ಟೇ ಕಾಣುತ್ತಾನೆ. ನಮ್ಮ ಮುಂದಿನ ಕೋಣೆ ಪೂರ್ತಿ ಮಗ್ಗವೇ ಆಗಿದೆ. ಒಳಗೆ ಹೋಗುವವರು ಗೋಡೆಗೆ ಮೈ ಒತ್ತಿಕೊಂಡು ಹೋಗಬೇಕು. ನಾನು ಕೂತರೆ ಎದ್ದು ಬರುವುದೂ ಒಂದು ಕೆಲಸ. ಹೀಗಾಗಿ ಮನೆಗೆ ಬಂದವರೊಡನೆ ಜಗಳವಾಗಲಿ, ಮಾತಾಗಲಿ, ನಾನು ಮಾಡುವುದು ಅಲ್ಲಿ ಕೂತೇ.

ನಮ್ಮ ಸೀರೆಗೆ ಇನ್ನೊಂದು ಕೆಲಸವಿದೆ, ಅದನ್ನು ಹೊರಗಿನವರು ಕೇಳುವುದಿಲ್ಲ. ಇಳಕಲ್ ಸೀರೆಯ ಒಡಲಿಗೆ ಉದ್ದಕ್ಕೆ ಎಳೆದ ನೂಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಒಂದು ಮಾಡಬೇಕು. ಇದಕ್ಕೆ ಕೊಂಡಿ ಎನ್ನುತ್ತೇವೆ. ಒಂದು ಎಳೆ ತಪ್ಪಿದರೂ ಸೆರಗಿನ ಹತ್ತಿರ ಸೀರೆ ಸುಳ್ಳು ಹೇಳುತ್ತದೆ. ಪ್ರತಿ ಸೀರೆಗೂ ಹೊಸದಾಗಿ ಈ ಕೆಲಸ ಆಗಬೇಕು. ನಮ್ಮ ಮನೆಯಲ್ಲಿ ಕೊಂಡಿ ಹಾಕುವವಳು ನನ್ನ ಹೆಂಡತಿ. ರಾಟಿಯಲ್ಲಿ ಕಂಡಿಕೆ ಸುತ್ತುವವಳೂ ಅವಳೇ. ಲಾಳಿಯೊಳಗೆ ಕೂಡುವ ನೂಲಿನ ಸಣ್ಣ ಕಡ್ಡಿಗೆ ಕಂಡಿಕೆ ಎಂದು ಹೆಸರು. ಅವಳ ತವರು ಬಾದಾಮಿ ಕಡೆ, ಕುಪ್ಪಸದ ಖಣ ನೇಯುವ ಮನೆತನ. ಬೆರಳು ಅಲ್ಲಿಂದಲೇ ಕಲಿತು ಬಂದಿದ್ದವು. ಆದರೆ ಅವಳು ಮಗ್ಗಕ್ಕೆ ಕೂತವಳಲ್ಲ. ಕೂಡಬಾರದು ಎಂದು ನಾನೂ ಹೇಳಿಲ್ಲ, ಕೂಡುತ್ತೇನೆ ಎಂದು ಅವಳೂ ಹೇಳಿಲ್ಲ. ಅವಳ ಕೆಲಸ ನಿಂತರೆ ನನ್ನ ಮಗ್ಗ ನಿಂತಂತೆ, ಆ ಲೆಕ್ಕದಲ್ಲಿ ಮನೆ ನಡೆದಿತ್ತು.

ನಮ್ಮ ಒಬ್ಬಳೇ ಮಗಳು ಬಾಗಲಕೋಟೆಯಲ್ಲಿ ಎಂ.ಎ. ಓದುತ್ತಾಳೆ, ನವನಗರದ ಹಾಸ್ಟೆಲಿನಲ್ಲಿ ಇರುತ್ತಾಳೆ. ಅಲ್ಲಿ ಹೋದ ಮೇಲೆ ಸ್ತ್ರೀವಾದದ ಪುಸ್ತಕಗಳು ಅವಳ ಚೀಲದಲ್ಲಿ ಬರತೊಡಗಿದವು. ರವಿವಾರ ಮನೆಗೆ ಬಂದರೆ ಸಾಕು, ನಾನು ಮಗ್ಗದಲ್ಲಿ, ಅವಳು ಹೊಸ್ತಿಲ ಮೇಲೆ, ಮಧ್ಯಾಹ್ನದ ತನಕ ವಾದ. ನನಗೆ ಅದು ಹಿಡಿಸಿತ್ತು. ಸಾಲಿ ಬಿಟ್ಟವನೊಡನೆ ಓದಿದವರು ವಾದಕ್ಕೆ ಇಳಿಯುವುದು ಕಡಿಮೆ, ಇಳಿದರೂ ಬೇಗ ಹೂಂ ಎಂದುಬಿಡುತ್ತಾರೆ. ಇವಳು ಹೂಂ ಎನ್ನುವವಳಲ್ಲ.

ಮೊದಮೊದಲು ನಾನು ಅಗ್ಗದ ಮಾತು ಆಡುತ್ತಿದ್ದೆ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಗಿದೆ, ನಾವು ಟಿಕೀಟು ತೆಗೆಸಿ ನಿಂತುಕೊಂಡು ಹೋಗುತ್ತೇವೆ, ಇನ್ನೂ ಯಾವ ಸಮಾನತೆ ಬೇಕು ನಿಮಗೆ ಎಂದೆ ಒಮ್ಮೆ.

"ಅದು ಟೀಕಾ ಅಲ್ಲಪ್ಪಾ, ಹೊಟ್ಟಿಕಿಚ್ಚು," ಎಂದಳು. "ಬ್ಯಾರೆ ಇದ್ರ ಹೇಳು, ಕೇಳ್ತೇನಿ."

ಬೇರೆ ಇದ್ದವು. ಲಾಳಿ ಓಡಿಸುತ್ತ ಯೋಚಿಸಲು ನನಗೆ ಹೊತ್ತು ಬೇಕಾದಷ್ಟಿದೆ. ನಿಮ್ಮ ಪುಸ್ತಕದಲ್ಲಿ ಹೆಣ್ಣು ಮನೆ ಬಿಟ್ಟು ಹೊರಗೆ ದುಡಿಯಲು ಹೋದಾಗ ಕತೆ ಶುರುವಾಗುತ್ತದೆ, ನಮ್ಮಲ್ಲಿ ಹೊರಗೆ ಹೋಗುವವರೇ ಇಲ್ಲ, ದುಡಿಮೆ ಮನೆಯೊಳಗೇ ಕೂತಿದೆ, ಒಲೆಗೂ ಮಗ್ಗಕ್ಕೂ ನಡುವೆ ಗೋಡೆ ಎಲ್ಲಿದೆ ತೋರಿಸು ಎಂದೆ. ನೀವು ಗಂಡಸು ಎನ್ನುತ್ತೀರಿ, ಯಾವ ಗಂಡಸು? ಬೆಳಗಿನಿಂದ ಹೊಂಡದಲ್ಲಿ ಕಾಲಿಟ್ಟವನೋ, ಅವನಿಗೆ ನೂಲು ಕೊಟ್ಟು ಸೀರೆ ಒಯ್ಯುವ ಸಾವಕಾರನೋ? ಸಾವಕಾರನ ಮುಂದೆ ನಾನೂ ನಿನ್ನ ಅವ್ವನೂ ಒಂದೇ ಎತ್ತರಕ್ಕೆ ಬಗ್ಗುತ್ತೇವೆ, ಅದನ್ನು ಬರೆದವರಿದ್ದಾರೇನು ಎಂದೆ. ಅವಳು ಇದ್ದಾರೆ ಎಂದಳು. ಇಂಥ ಮಾತನ್ನು ಹೆಣ್ಣುಮಕ್ಕಳೇ ತಮ್ಮತಮ್ಮೊಳಗೆ ಎಷ್ಟೋ ವರ್ಷದಿಂದ ಆಡಿಕೊಂಡು ಬಂದಿದ್ದಾರೆ, ನೀ ಹೊಸದಾಗಿ ಕಂಡುಹಿಡಿದದ್ದಲ್ಲ ಎಂದಳು. ಹಾಗಾದರೆ ಅದು ಮೈಕಿನ ಮುಂದೆ ಯಾಕೆ ಬರುವುದಿಲ್ಲ, ಮೈಕಿನಲ್ಲಿ ಬರೀ ಸಾಧಿಸಿದವರ ಮಾತೇ ಯಾಕೆ ಎಂದು ಕೇಳಿದೆ. ಇದು ನ್ಯಾಯವಾದ ಮಾತು ಎಂದು ಅವಳು ಒಪ್ಪಿದಳು. ಆ ದಿನ ನಾನು ಎಂದಿಗಿಂತ ಎರಡು ಬೆರಳು ಹೆಚ್ಚು ನೇಯ್ದೆ.

ಆದರೆ ಹೊರಡುವ ಮುಂದೆ, ಚೀಲ ಹೆಗಲಿಗೆ ಹಾಕಿಕೊಂಡು ಅವಳು ಒಂದು ಮಾತು ಹೇಳಿದಳು.

"ಅಪ್ಪಾ, ನಿನ್ನ ಟೀಕಾ ಎಲ್ಲಾ ಖರೆ ಅದಾವ. ಆದ್ರ ಒಂದು ನೋಡಿದೇನು? ಯಾವುದ್ರಾಗೂ ನೀ ಏನೂ ಬಿಟ್ಟುಕೊಡಬೇಕಾಗಂಗಿಲ್ಲ."

ಒಳಗೆ ರಾಟಿ ತಿರುಗಿಸುತ್ತಿದ್ದ ನನ್ನ ಹೆಂಡತಿ ಅಂದಳು, "ತಾಸಿನ ಮ್ಯಾಲಾತು, ಇಬ್ಬರೂ ನನ್ನ ಬಗ್ಗೆನ ಮಾತಾಡಾಕತ್ತೀರಿ. ಆ ನೂಲಿನ ಲಡಿ ಇತ್ತಾಗ ಕೊಡ್ರಿ ಮೊದಲ."

ಇದು ಹೀಗೆ ನಡೆದಿದ್ದಾಗ ಆರ್ಡರು ಬಂತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ನನಗಿಂತ ಹಿರಿಯಳು. ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತೇವೆ. ಗಂಡನಿಗೆ ಲಕ್ವಾ ಹೊಡೆದ ಮೇಲೆ ಆಪಾ ತಾನೇ ಮಗ್ಗಕ್ಕೆ ಇಳಿದಳು. ನಿಧಾನ ನೇಯುತ್ತಾಳೆ, ಆದರೆ ಹೊಲಸು ನೇಯುವುದಿಲ್ಲ. ನಿಧಾನ ಎಂದು ಸಾವಕಾರ ಅವಳಿಗೆ ನೂಲು ಕೊಡುವುದನ್ನು ನಿಲ್ಲಿಸಿದ್ದ. ಇನ್ನು ಗ್ರಾನೈಟ್ ಕಾರ್ಖಾನೆಗೆ ಕಸ ಹೊಡೆಯಲು ಹೋಗುವುದೊಂದೇ ದಾರಿ, ಕಲ್ಲಿನ ಧೂಳಿಗೆ ತನ್ನ ಎದೆ ತಡೆಯುವುದಿಲ್ಲ ಎನ್ನುತ್ತಿದ್ದಳು. ಅಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ಒಬ್ಬ ಮೇಡಂ ಅವಳನ್ನು ಹುಡುಕಿಕೊಂಡು ಬಂದರು. ನೂಲು ತಾವೇ ಕೊಟ್ಟು, ಹೆಣ್ಣುಮಕ್ಕಳೇ ನೇಯ್ದ ಸೀರೆಗಳನ್ನಷ್ಟೇ ಕೊಂಡು ಮಾರುವ ಒಂದು ಗುಂಪು ಅವರದು. ಬಾದಾಮಿಯಲ್ಲಿ ಹೋಟೆಲು ಹಿಡಿದಿದ್ದರು, ಅಲ್ಲಿಂದ ಕಾರಿನಲ್ಲಿ ಇಳಕಲ್ಲಿಗೂ ಹುನಗುಂದಕ್ಕೂ ತಿರುಗುತ್ತಿದ್ದರು. ಮಾತು ಮೃದು, ಕೆಲಸ ಚೊಕ್ಕ. ಕೆಟ್ಟ ಮನುಷ್ಯರು ಎಂದು ನಾನು ಇವತ್ತಿಗೂ ಹೇಳಲಾರೆ. ಆಪಾನ ಸೀರೆ ನೋಡಿ ಅವರಿಗೆ ಖುಷಿಯಾಯಿತು. ಆದರೆ ಒಂದು ಮಗ್ಗದ ಮಾಲು ಅವರಿಗೆ ಸಾಲದು. ಓಣಿಯಲ್ಲಿ ಇನ್ನೊಬ್ಬ ಹೆಣ್ಣುಮಗಳಾದರೂ ಜೋಡಿಯಾಗಬೇಕು, ಇಲ್ಲದಿದ್ದರೆ ಇಷ್ಟು ದೂರ ಬರುವುದು ನಮಗೆ ಆಗುವುದಿಲ್ಲ ಎಂದರಂತೆ. ಪ್ರತಿ ಸೀರೆಗೆ ನೇಯ್ದವಳ ಫೋಟೋ ಇರುವ ಚೀಟಿ ಕಟ್ಟುತ್ತಾರಂತೆ.

ಓಣಿಯಲ್ಲಿ ಕೈಮಗ್ಗ ಉಳಿದದ್ದು ಆಪಾನದು ಮತ್ತು ನನ್ನದು. ಅವಳು ನಮ್ಮ ಮನೆಗೆ ಬಂದು ಗೋಡೆಗೊರಗಿ ಕೂತಳು. ಸೀರೆ ನೀನೇ ನೇಯಿ, ಹೆಸರು ಇವಳದಿರಲಿ ಎಂದಳು. ನನಗೆ ನೆತ್ತಿಗೇರಿತು. ನನ್ನ ಕೈಯ ದಡಿಗೆ ಬೇರೆಯವರ ಮುಖವೇ ಎಂದೆ. ಬೇರೆಯವರು ಎಲ್ಲಿಂದ ಬಂದರು, ಹೆಂಡತಿ ಬೇರೆಯವಳೇ ಎಂದಳು. ಸುಳ್ಳು ಸುಳ್ಳೇ ಎಂದೆ.

"ಒಂದು ಫೋಟೋಕ್ಕ ಕುಂತ್ರ ನಿನ್ನ ಹೆಂಡತಿ ಸವದು ಹೋಗ್ತಾಳೇನು ತಮ್ಮಾ?" ಎಂದಳು ಆಪಾ. "ನಿನ್ನ ಮರ್ಯಾದಿ ನಿನ್ನ ಕಡೆನ ಇಟಗೋ. ನನಗ ನೂಲು ಕೊಡಸು."

ಹೆಂಡತಿಯ ಕಡೆ ನೋಡಿದೆ. ಅವಳು ಕೊಂಡಿಯಿಂದ ಕಣ್ಣು ತೆಗೆಯಲಿಲ್ಲ. ಮಗಳಿಗೆ ಹೇಳುವುದು ಬೇಡ ಅಂದಳು, ಅಷ್ಟೇ. ಅದರಿಂದ ತೀರ್ಮಾನ ಆದಂತೆ ಆಯಿತು.

ಫೋಟೋದ ದಿನ ಮೇಡಂ ಜೊತೆ ಕ್ಯಾಮೆರಾ ಹಿಡಿದ ಒಬ್ಬ ಹುಡುಗಿ ಬಂದಳು. ನನ್ನ ಹೆಂಡತಿ ಹೊಸ ಸೀರೆ ಉಟ್ಟು ಕುಣಿಯ ಅಂಚಿಗೆ ಕೂತಳು. ಅವಳ ಕಾಲಿಗೆ ಹಲಗೆ ಸಿಗಲಿಲ್ಲ, ಹುಡುಕಾಡುತ್ತಿದ್ದುದು ಮೇಲೆ ಕಾಣುತ್ತಿರಲಿಲ್ಲ. ಲಾಳಿಯನ್ನು ಕೈಯಲ್ಲಿ ಹಿಡಿದು ನಗಲು ಹೇಳಿದರು. ನಾನು ಗೋಡೆಗೆ ನಿಂತಿದ್ದೆ.

"ಸಾರ್, ನಿಮ್ಮ ನೆರಳು ಬೀಳ್ತಾ ಇದೆ, ಸ್ವಲ್ಪ ಆ ಕಡೆ ನಿಲ್ತೀರಾ?" ಎಂದರು ಮೇಡಂ.

ಆ ಕಡೆ ಎಂದರೆ ಅಡುಗೆಮನೆ. ಅಲ್ಲಿ ಹೋದೆ. ಅಲ್ಲಿಂದಲೂ ಹಣಕಿ ನೋಡುವುದು ಫೋಟೋದಲ್ಲಿ ಬರುತ್ತದೆ ಎಂದ ಮೇಲೆ ಹಿತ್ತಲ ಬಾಗಿಲಿನಿಂದ ಸುತ್ತು ಹಾಕಿ ಓಣಿಗೆ ಬಂದೆ. ಕಟ್ಟೆಯ ಮೇಲಿನ ಗೆಳೆಯನೊಬ್ಬ, "ಏನಲೇ, ಹೊರಗ ಹಾಕಿದ್ರೇನು?" ಎಂದ. ನಗುತ್ತ, ಹೌದೋ ಮಾರಾಯಾ ಎಂದೆ. ಇಷ್ಟು ವರ್ಷದಲ್ಲಿ ಹಗಲು ಹೊತ್ತು ನನ್ನ ಮನೆಯ ಮುಂದೆ ನಾನೇ ಕೆಲಸವಿಲ್ಲದೆ ನಿಂತದ್ದು ಅದೇ ಮೊದಲು. ಕೈ ಎಲ್ಲಿಡಬೇಕು ತಿಳಿಯಲಿಲ್ಲ.

ಬಾಗಿಲು ತೆರೆದೇ ಇತ್ತು, ಒಂದು ಸಂಗತಿ ಕಂಡೆ. ಮಗ್ಗದ ಪಕ್ಕದಲ್ಲಿ ಅವಳು ಅರ್ಧಕ್ಕೆ ಬಿಟ್ಟಿದ್ದ ಕೊಂಡಿ ಇತ್ತು, ರೇಷ್ಮೆ ಎಳೆಗಳು ಚಾಪೆಯ ಮೇಲೆ ಹರಡಿದ್ದವು. ಈ ದಾರ ಎಲ್ಲ ಕಸದ ಥರ ಕಾಣುತ್ತೆ, ಸ್ವಲ್ಪ ಪಕ್ಕಕ್ಕೆ ಸರಿಸೋಣ ಎಂದು ಆ ಹುಡುಗಿ ಎರಡೂ ಕೈಯಿಂದ ಅದನ್ನು ಎತ್ತಿ ಮೂಲೆಗಿಟ್ಟಳು. ನನ್ನ ಹೆಂಡತಿಯ ನಗು ಹಾಗೇ ಇತ್ತು, ಕಣ್ಣು ಮಾತ್ರ ಆ ಎಳೆಗಳ ಹಿಂದೆ ಮೂಲೆಯ ತನಕ ಹೋದವು. ಅವಳು ನಿಜವಾಗಿ ಮಾಡುವ ಕೆಲಸವನ್ನು ಎತ್ತಿಟ್ಟು, ಮಾಡದ ಕೆಲಸದ ಫೋಟೋ ತೆಗೆದುಕೊಂಡು ಅವರು ಹೋದರು. ಆ ಕೊಂಡಿಯನ್ನು ಅವಳು ಮೊದಲಿನಿಂದ ಹಾಕಿದಳು.

ನನ್ನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾದದ್ದು ಅವತ್ತು. ಗಂಡಸಿನ ಕೆಲಸದಲ್ಲಿ ಹೆಣ್ಣು ಕೂತರೆ ಇವರಿಗೆ ಕಾಣುತ್ತದೆ. ಹೆಣ್ಣು ತನ್ನ ಕೆಲಸದಲ್ಲೇ ಕೂತರೆ ಕಾಣುವುದಿಲ್ಲ, ಕಸದ ಹಾಗೆ ಕಾಣುತ್ತದೆ. ಹೆಣ್ಣಿನ ಪರ ಎನ್ನುವವರಿಗೂ ದೊಡ್ಡ ಕೆಲಸ ಎಂದರೆ ಗಂಡಸು ಮಾಡುವುದೇ. ಈವರೆಗೆ ನಾನು ಮಗಳಿಗೆ ಹೇಳಿದ ಟೀಕೆಗಳಲ್ಲೆಲ್ಲ ಇದೇ ಬಲವಾದದ್ದು, ಇದನ್ನೇ ಅವಳಿಗೆ ಹೇಳುವ ಹಾಗಿರಲಿಲ್ಲ.

ಮುಂದಿನ ತಿಂಗಳು ಮಗಳು ಫೋನ್ ಮಾಡಿದಳು. ಅವಳ ಕಾಲೇಜಿನಲ್ಲಿ ಒಂದು ಚರ್ಚೆ ಇಟ್ಟಿದ್ದರು, ಇಂದಿನ ಸ್ತ್ರೀವಾದದ ಮೇಲಿನ ನ್ಯಾಯವಾದ ಟೀಕೆಗಳು ಎಂದು. ಹೊಗಳುವವರನ್ನೇ ಕರೆದು ಬೇಸರವಾಗಿದೆ, ಹೊರಗಿನವರು ಬಂದು ಖರೆ ಹೇಳಲಿ, ಹುಡುಗಿಯರು ಉತ್ತರ ಕೊಡಲಿ ಎಂದು ಅವಳ ಸರ್ ಹೇಳಿದ್ದರಂತೆ. ಒಬ್ಬ ವಕೀಲರು, ಒಬ್ಬ ಪತ್ರಿಕೆಯವರು, ಮೂರನೆಯವನಾಗಿ ನನ್ನ ಹೆಸರನ್ನು ಅವಳು ಕೊಟ್ಟಿದ್ದಳು. ಬಾಗಲಕೋಟೆಯ ಕಾಲೇಜಿನ ವೇದಿಕೆಯ ಮೇಲೆ ನಾನು. ಒಂದು ವಾರ ಲಾಳಿಯ ಸಪ್ಪಳದೊಳಗೆ ಭಾಷಣ ಕಟ್ಟಿದೆ. ಸಾವಕಾರನ ಮಾತು, ಒಲೆ ಮತ್ತು ಮಗ್ಗದ ಮಾತು, ಮೈಕಿನ ಮಾತು. ಆಪಾನ ಮಾತೂ ಇತ್ತು. ಮೇಡಂ ಗುಂಪಿನವರು ಆಪಾ ಸಂಪ್ರದಾಯ ಮುರಿದಳು ಎಂದು ಹಾಳೆಯಲ್ಲಿ ಅಚ್ಚು ಹಾಕಿಸಿದ್ದರು. ಅದನ್ನು ಓದಿ ಹೇಳಿದಾಗ ಆಪಾ, ನಾ ಏನೂ ಮುರದಿಲ್ಲ, ನನ್ನ ಬೆನ್ನ ಮುರದೈತಿ ಅಂದಿದ್ದಳು.

ಹೆಂಡತಿಯೂ ನಾನೂ ಹುನಗುಂದ, ಅಮೀನಗಡದ ಮೇಲೆ ಹಾಯ್ದು ಬಾಗಲಕೋಟೆಗೆ ಹೋದೆವು. ಮಗಳು ಕಾಲೇಜಿನ ಗೇಟಿಗೇ ಬಂದು ನಿಂತಿದ್ದಳು. ಮುಖ ಬಿಳುಚಿತ್ತು, ನಮ್ಮನ್ನು ಸಭೆಯ ಬಾಗಿಲಿಗೆ ಕರೆದೊಯ್ದು ಒಳಗೆ ಕೈ ತೋರಿಸಿದಳು. ಮಾತಾಡಲು ಬಂದ ಮುಖ್ಯ ಅತಿಥಿ ಬೆಂಗಳೂರಿನ ಆ ಮೇಡಂ. ವೇದಿಕೆಯ ಹಿಂದಿನ ಬ್ಯಾನರು ಅವರೇ ತಂದದ್ದು. ಅದರ ತುಂಬ ನನ್ನ ಮಗ್ಗದಲ್ಲಿ ಕೂತು ನಗುತ್ತಿರುವ ನನ್ನ ಹೆಂಡತಿ.

"ಇದೇನವ್ವಾ?" ಎಂದು ತಾಯಿಯನ್ನು ಕೇಳಿದಳು. ನಾವು ಇಬ್ಬರೂ ಮಾತು ತಡವರಿಸಿ, ಆಪಾನ ಸಂಗತಿ ಹೇಳಿದೆವು. ಪೂರ್ತಿ ಕೇಳಿ, ನನ್ನ ಕಡೆ ತಿರುಗಿ ಹೇಳಿದಳು, "ಅಪ್ಪಾ, ಈಗೂ ಹೊತ್ತೈತಿ. ಆರಾಮ ಇಲ್ಲ ಅಂತ ಹೇಳಿ ನಿನ್ನ ಹೆಸರು ತಗಸ್ತೇನಿ."

ಅವಳ ಮಾತು ಕೇಳಬೇಕಿತ್ತು ಎಂದು ಈಗ ಅನ್ನಬಹುದು. ಆಗ ಅನಿಸಲಿಲ್ಲ. ಹೆಸರು ಕೊಟ್ಟ ಮೇಲೆ ಹಿಂದೆ ಸರಿಯುವ ಮನುಷ್ಯ ನಾನಲ್ಲ. ಒಳಗೆ ಹೋದೆ.

ನನ್ನ ಸರದಿ ಬಂದಾಗ ಮಾತು ಚೆನ್ನಾಗಿಯೇ ಬಂತು. ಮೈಕಿನ ಮಾತಿಗೆ ಹುಡುಗಿಯರು ನಕ್ಕರು, ಸಾವಕಾರನ ಮಾತಿಗೆ ಸರ್ ತಲೆಯಾಡಿಸಿದರು. ಮೇಡಂ ಬರೆದುಕೊಂಡರು. ಆಪಾನ ಮಾತನ್ನು ಬಿಟ್ಟೆ. ಗಟ್ಟಿಯಾದ ಆ ಒಂದು ಮಾತು ನಾಲಗೆಯ ಮೇಲೆ ಇತ್ತು, ಬೆನ್ನ ಹಿಂದೆ ಆ ಬ್ಯಾನರು ಇತ್ತು. ಅದನ್ನು ಹೇಳಿದರೆ ಫೋಟೋ ಸುಳ್ಳೆಂದು ಹೇಳಬೇಕು. ಆಪಾನ ಮಗ್ಗದ ಮೇಲೆ ಆಗ ಅರ್ಧ ಸೀರೆ ನಿಂತಿತ್ತು. ನನ್ನ ಹೆಂಡತಿ ಎರಡನೆಯ ಸಾಲಿನಲ್ಲಿ ಕೂತಿದ್ದಳು, ಎಲ್ಲರೂ ಅವಳನ್ನು ಬ್ಯಾನರಿನ ಜೊತೆ ತಾಳೆ ಹಾಕಿ ನೋಡುತ್ತಿದ್ದರು. ನಾನು ನಡುವೆ ನಿಂತಿದ್ದೆ. ಕೈಮುಗಿದು ಮಾತು ಮುಗಿಸಿದೆ.

ಆಗ ಉತ್ತರ ಕೊಡಲು ಒಬ್ಬ ಹುಡುಗಿ ಎದ್ದಳು. ತೆಳ್ಳಗೆ, ಚುರುಕು ಮಾತಿನವಳು. ನಿಮ್ಮ ಟೀಕೆಗಳನ್ನು ಒಪ್ಪುತ್ತೇನೆ ಎಂದು ಶುರು ಮಾಡಿದಳು, ಒಂದೊಂದನ್ನೂ ನನಗಿಂತ ಚೆಂದಾಗಿ ಬಿಡಿಸಿ ಹೇಳಿದಳು. ಆಮೇಲೆ ಬ್ಯಾನರು ತೋರಿಸಿ ಕೇಳಿದಳು, "ಮನ್ಯಾಗ ನೇಯೋರು ನಿಮ್ಮ ಮನಿಯವ್ರು. ಅವರು ಮಗ್ಗಕ್ಕ ಕುಂತಾಗ ನೀವೇನ್ ಮಾಡ್ತೀರಿ ಕಾಕಾ?"

ಸಭೆಯೆಲ್ಲ ನಕ್ಕಿತು. ಕೆಟ್ಟ ನಗುವಲ್ಲ, ಸೋತವನನ್ನು ಪ್ರೀತಿಯಿಂದ ನೋಡಿ ನಗುವ ನಗು. ಬಾಗಿಲ ಹತ್ತಿರ ಮಗಳು ನಿಂತಿದ್ದಳು. ಹೆಂಡತಿ ಮಡಿಲಲ್ಲಿ ಕೈ ಇಟ್ಟುಕೊಂಡಿದ್ದಳು. ನಾನೇನು ಮಾಡುತ್ತೇನೆ? ಹನ್ನೆರಡು ಹದಿಮೂರರ ವಯಸ್ಸಿನಿಂದ ಏನು ಮಾಡಿದ್ದೇನೆ? ಒಂದೇ ಶಬ್ದದ ಉತ್ತರ, ಅದನ್ನೊಂದು ಬಿಟ್ಟು ಬೇರೆ ಏನನ್ನಾದರೂ ನಾನು ಹೇಳಬಹುದಿತ್ತು.

"ಕಂಡಿಕಿ ಸುತ್ತತೇನ್ರಿ," ಎಂದೆ. "ಕೊಂಡಿ ಹಾಕ್ತೇನಿ."

ಸಭೆಯಲ್ಲಿ ಚಪ್ಪಾಳೆ ಎದ್ದಿತು. ಭಾಷಣಕ್ಕೆ ಬಂದದ್ದಕ್ಕಿಂತ ಜೋರು. ಸರ್ ಎದ್ದು ನಿಂತು ಹೊಡೆದರು. ಮೇಡಂ ಮೈಕಿಗೆ ಬಂದು, ಇಂಥ ಗಂಡಸರು ಬೇಕು ನಮಗೆ, ಹೆಂಡತಿಯ ಕೆಲಸದ ಹಿಂದೆ ನಿಲ್ಲೋರು, ಅದನ್ನ ಹೇಳ್ಕೊಳ್ಳೋಕೆ ನಾಚದೇ ಇರೋರು ಎಂದರು. ನನಗೆ ಶಾಲು ಹೊದಿಸಿದರು. ಕೇಳಿದ ಹುಡುಗಿ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಆ ಶಾಲಿನ ಕೆಳಗೆ ನಾನು ಬೆವೆತು ತೊಯ್ದಿದ್ದೆ.

ಹೊರಗೆ ಮಗಳು ಕಾಯುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನಾ ಒಳಗ ಹೋಗಿ ಖರೆ ಹೇಳ್ಲೇನು?"

"ಆಪಾನ ಸೀರಿ ಮಗ್ಗದಿಂದ ಇಳಿಯೂ ತನ ಬ್ಯಾಡ," ಎಂದೆ.

"ಯಾರದೋ ಒಬ್ಬರದು ಇಳಿಯೂದು ಇದ್ದ ಇರತೈತಿ ಅಪ್ಪಾ," ಎಂದಳು. ನಮ್ಮನ್ನು ಬಸ್ ಸ್ಟ್ಯಾಂಡಿನ ತನಕ ಬಿಡಲು ಬಂದಳು, ದಾರಿಯುದ್ದಕ್ಕೂ ಅವ್ವನ ಕೈ ಹಿಡಿದಿದ್ದಳು.

ಬಸ್ಸು ಅಮೀನಗಡ ದಾಟಿತು. ಆಮೇಲೆ ಹೆಂಡತಿ ಕಿಟಕಿಯ ಕಡೆ ನೋಡುತ್ತ ಹೇಳಿದಳು. ಸಂತೆಯಲ್ಲಿ ಏನು ತುಟ್ಟಿಯಾಗಿದೆ ಎಂದು ಹೇಳುವ ಧ್ವನಿಯಲ್ಲಿ.

"ಇಷ್ಟ ವರ್ಷ ನಾ ಸುತ್ತೇನಿ. ಒಬ್ಬರೂ ಚಪ್ಪಾಳಿ ಹೊಡೀಲಿಲ್ಲ. ನೀವು ಬರೇ ಬಾಯಿಲೇ ಸುತ್ತಿದ್ರಿ, ಹಾಲ್ ತುಂಬ ಹೊಡದ್ರು."

ಅವರ ತಪ್ಪು ಅದು, ಅದನ್ನೇ ನಾನು ಹೇಳಬೇಕೆಂದು ಹೋಗಿದ್ದೆ ಎಂದೆ. ಅವರದು ಇರಲಿ, ನೀವು ಯಾವಾಗ ಚಪ್ಪಾಳೆ ಹೊಡೆದಿದ್ದೀರಿ ಎಂದು ಕೇಳಿದಳು. ಬಸ್ಸಿನಲ್ಲಿ ಎದ್ದು ಎಲ್ಲಿ ಹೋಗಲಿ? ಮುಂದಿನ ಸೀಟಿನ ಕಬ್ಬಿಣದ ಸಳಿ ಹಿಡಿದು ಕೂತೆ.

ನನ್ನ ಟೀಕೆ ಸುಳ್ಳಾಯಿತು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆ ಸಭೆಯೇ ಅದಕ್ಕೆ ಸಾಕ್ಷಿ. ಹೆಣ್ಣು ಲಾಳಿ ಹಿಡಿದರೆ ಬ್ಯಾನರು, ಗಂಡಸು ಕಂಡಿಕೆ ಎಂದರೆ ಶಾಲು, ಕಂಡಿಕೆ ಸುತ್ತುವ ಹೆಣ್ಣು ಎರಡನೆಯ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾಳೆ. ಇದು ನ್ಯಾಯವಾದ ಟೀಕೆ. ಆದರೆ ಅದನ್ನು ಹೇಳುವ ಬಾಯಿ ನನ್ನದಾಗಿ ಉಳಿಯಲಿಲ್ಲ. ಈಗ ನಾನು ಅದನ್ನು ಎಲ್ಲಿ ಎತ್ತಿದರೂ ಶಾಲು ಹೊದ್ದವನು ಎತ್ತಿದ ಹಾಗೆ ಆಗುತ್ತದೆ.

ಮೇಡಂಗೆ ನನ್ನ ಉತ್ತರ ಬಹಳ ಹಿಡಿಸಿತು. ಆಪಾನ ಆರ್ಡರು ಗಟ್ಟಿಯಾಯಿತು, ಅವಳ ಮನೆಗೆ ನೂಲು ತಪ್ಪದೆ ಬರುತ್ತಿದೆ. ಅದರ ಜೊತೆಗೇ ಒಂದು ಫೋನೂ ಬಂತು. ಈ ಸಲ ಫೋಟೋ ಸಾಲದು, ವಿಡಿಯೋ ಮಾಡುತ್ತಾರಂತೆ. ಹೆಂಡತಿ ನೇಯಬೇಕು, ನಾನು ಪಕ್ಕದಲ್ಲಿ ಕಂಡಿಕೆ ಸುತ್ತಬೇಕು, ಒಂದು ಸೀರೆ ಮೊದಲಿನಿಂದ ಕೊನೆಯ ತನಕ. ದೀಪಾವಳಿಗೆ ಬರುತ್ತಾರೆ. ನಾನು ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಪಕ್ಕದ ಮನೆಯಿಂದ ಆಪಾನ ಮಗ್ಗದ ಸಪ್ಪಳ ಕೇಳುತ್ತಿತ್ತು. ಬರ್ರಿ ಎಂದೆ.

ಹೀಗಾಗಿ ಈಗ ಮಧ್ಯಾಹ್ನದ ಊಟವಾದ ಮೇಲೆ ನಾನು ಕುಣಿಯಿಂದ ಎದ್ದು ಬರುತ್ತೇನೆ, ಅವಳು ಇಳಿಯುತ್ತಾಳೆ. ಕಾಲಿಗೆ ಹಲಗೆ ಸಿಗಲೆಂದು ಕೆಳಗೆ ಒಂದು ಕಲ್ಲು ಇಟ್ಟಿದ್ದೇನೆ. ಅವಳಿಗೆ ನೇಯುವ ಆಸೆ ಎಂದೂ ಇರಲಿಲ್ಲ, ಈಗಲೂ ಇಲ್ಲ. ಬೆನ್ನು ಹಿಡಿಯುತ್ತದೆ ಎನ್ನುತ್ತಾಳೆ. ಕೊಂಡಿಯ ಕೆಲಸ ಹಾಗೇ ಉಳಿದಿರುತ್ತದೆ, ಸಂಜೆ ಅದನ್ನೂ ಅವಳೇ ಮಾಡುತ್ತಾಳೆ. ನಾನು ರಾಟಿಯ ಮುಂದೆ ಕೂಡುತ್ತೇನೆ. ನೂಲು ಒಮ್ಮೆ ಬಿಗಿ ಬರುತ್ತದೆ, ಒಮ್ಮೆ ಸಡಿಲ ಬರುತ್ತದೆ, ಲಾಳಿಯೊಳಗೆ ಸಿಕ್ಕಿ ಹರಿಯುತ್ತದೆ. ಹರಿದಾಗೊಮ್ಮೆ ಅವಳು ಕೈ ನಿಲ್ಲಿಸಿ ನನ್ನ ಕಡೆ ನೋಡುತ್ತಾಳೆ. ಸುತ್ತಿದ ಕಂಡಿಕೆಯನ್ನು ಬಿಚ್ಚಿ ಮತ್ತೆ ಸುತ್ತುತ್ತೇನೆ. ಕೊಂಡಿಗೆ ಅವಳು ನನ್ನ ಕೈ ಹಚ್ಚಲು ಬಿಟ್ಟಿಲ್ಲ. ಅದು ನನ್ನದು, ಅದನ್ನರ ಬಿಡ್ರಿ ಎನ್ನುತ್ತಾಳೆ.

ಮಗಳು ರವಿವಾರ ಬರುತ್ತಾಳೆ. ಹೊಸ್ತಿಲ ಮೇಲೆ ಕೂಡುವುದಿಲ್ಲ, ನೇರ ಒಳಗೆ ಹೋಗಿ ಅವ್ವನ ಹತ್ತಿರ ಕೂತು ಕೊಂಡಿ ಕಲಿಯುತ್ತಾಳೆ. ನಾನು ಒಂದೆರಡು ಸಲ ವಾದ ತೆಗೆದು ನೋಡಿದೆ. ಬಸ್ಸಿನ ಮಾತನ್ನೂ ತೆಗೆದೆ, ಅಗ್ಗದ್ದಾದರೂ ಸರಿ ಎಂದು. ಹೂಂ ಅಪ್ಪಾ ಎಂದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಂದು ಕುಣಿಮಗ್ಗ. ಎರಡು ಲಾಳಿ. ಒಂದು ಶಾಲು. ಹೆಂಡತಿಯ ಫೋಟೋ ಇರುವ ಚೀಟಿಗಳ ಒಂದು ಕಟ್ಟು. ನಾನು ನೇಯ್ದ ನಾಲ್ಕು ಸೀರೆ, ನಾಲ್ಕಕ್ಕೂ ಆ ಚೀಟಿ ಕಟ್ಟಿದೆ. ಮಗ್ಗದ ಮೇಲೆ ಐದನೆಯ ಸೀರೆ, ಅದರಲ್ಲಿ ಅವಳು ನೇಯ್ದದ್ದು ಇನ್ನೂ ಒಂದು ಗೇಣು ಆಗಿಲ್ಲ.